ಕೊಳೆತ ಬದನೆಕಾಯಿಯಿಂದ ಬಂದ ಫೇಜ್: ಮೂರು ವೈರಸ್‌ಗಳ ಒಂದು ಚಿಕಿತ್ಸೆಯ ಪ್ರಕರಣ ಅಧ್ಯಯನ

ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್‌ಗೆ ಫೇಜ್ ಎನ್ನುತ್ತಾರೆ. ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಸೋಂಕಿಗೆ ಫೇಜ್ ಕೊಡುವ ಮಾತು ಬಂದಾಗಲೆಲ್ಲ 2019ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಲಂಡನ್ನಿನ ಪ್ರಕರಣದ ಪ್ರಸ್ತಾಪ ಬಂದೇ ಬರುತ್ತದೆ. ಸುದ್ದಿಯಲ್ಲಿ ಅದು ‘ವೈರಸ್ ಜೀವ ಉಳಿಸಿತು’ ಎಂಬ ಒಂದೇ ಸಾಲಾಗಿ ಓಡಾಡಿತು. ನಿಜವಾದ ಗುದ್ದಾಟ ನಡೆದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಲ್ಲ, ಅಟ್ಲಾಂಟಿಕ್ ಸಾಗರದ ಆಚೆ ದಡದ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟುಗಳ ಮೇಲೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ಪ್ಲೇಟುಗಳಿಗೇ. ರೋಗಿ, ಆಸ್ಪತ್ರೆ, ವೈದ್ಯರ ಹೆಸರುಗಳನ್ನು ಬಿಟ್ಟಿದೆ.

ಹಿನ್ನೆಲೆ

ರೋಗಿಗೆ 15 ವರ್ಷ. ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್. ಈ ಕಾಯಿಲೆಯಲ್ಲಿ ಶ್ವಾಸಕೋಶದ ಲೋಳೆ ಅಂಟಂಟಾಗಿ ಒಳಗೇ ನಿಲ್ಲುತ್ತದೆ, ಹೊಕ್ಕ ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡುತ್ತದೆ. ಇವರಲ್ಲಿ ಬೀಡುಬಿಟ್ಟಿದ್ದರಲ್ಲಿ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಒಂದು. ಅದು ಕ್ಷಯ ಮತ್ತು ಕುಷ್ಠದ ಬ್ಯಾಕ್ಟೀರಿಯಾಗಳ ದಾಯಾದಿ, ಮಣ್ಣು-ನೀರಿನಲ್ಲಿ ಸಾಮಾನ್ಯ. ಕ್ಷಯಕ್ಕೆ ಮೊದಲ ಸಾಲಿನಲ್ಲಿ ಕೊಡುವ ಮಾತ್ರೆಗಳು ಇದರ ಮೇಲೆ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಉಳಿಯುವುದು ಅಮಿಕಾಸಿನ್, ಇಮಿಪೆನೆಮ್, ಟೈಜಿಸೈಕ್ಲಿನ್ ಥರದ ಭಾರಿ ಮದ್ದುಗಳ ಮಿಶ್ರಣ, ಅದೂ ತಿಂಗಳುಗಟ್ಟಲೆ. ಅಮಿಕಾಸಿನ್ ಕಿವಿ ಕೆಡಿಸುತ್ತದೆ, ಟೈಜಿಸೈಕ್ಲಿನ್‌ನಿಂದ ವಾಂತಿ. ಈ ರೋಗಿ ಇಂಥ ಚಿಕಿತ್ಸೆಯಲ್ಲಿ ಅಷ್ಟರಲ್ಲಾಗಲೇ 8 ವರ್ಷ ಕಳೆದಿದ್ದರು.

ಅಬ್ಸೆಸಸ್ ಇರುವವರಿಗೆ ಶ್ವಾಸಕೋಶ ಕಸಿ ಮಾಡಲು ಬಹಳಷ್ಟು ಆಸ್ಪತ್ರೆಗಳು ಹಿಂಜರಿಯುತ್ತವೆ. ಹಳೆಯ ಶ್ವಾಸಕೋಶ ತೆಗೆದರೂ ಬ್ಯಾಕ್ಟೀರಿಯಾ ಶ್ವಾಸನಾಳದಲ್ಲೋ ಎದೆಗೂಡಿನಲ್ಲೋ ಎಲ್ಲಾದರೂ ಉಳಿದಿರುತ್ತದೆ. ಕಸಿಯ ಬಳಿಕ ಅಂಗ ತಿರಸ್ಕಾರ ಆಗದಿರಲೆಂದು ರೋಗನಿರೋಧಕ ಶಕ್ತಿಯನ್ನು ಮದ್ದು ಕೊಟ್ಟೇ ತಗ್ಗಿಸುತ್ತಾರೆ. ಉಳಿದ ಬ್ಯಾಕ್ಟೀರಿಯಾಕ್ಕೆ ಬೇಲಿ ತೆಗೆದ ಹೊಲ ಸಿಕ್ಕ ಹಾಗೆ. ಇವರಿಗೆ 2017ರ ಸೆಪ್ಟೆಂಬರ್‌ನಲ್ಲಿ ಎರಡೂ ಶ್ವಾಸಕೋಶಗಳ ಕಸಿ ಆಯಿತು. ಆಮೇಲೆ ಆದದ್ದು ಭಯಪಟ್ಟದ್ದೇ. ಅಡ್ಡಪರಿಣಾಮ ತಡೆಯಲಾಗದೆ ಕೆಲವು ಮದ್ದುಗಳನ್ನು ನಿಲ್ಲಿಸಬೇಕಾಯಿತು. ಎದೆಮೂಳೆ ಸೀಳಿದ ಹೊಲಿಗೆ ಕೆಂಪಾಗಿ ಬಾಯಿಬಿಟ್ಟಿತು, ಸೋಂಕು ಯಕೃತ್ತಿಗೆ ಇಳಿಯಿತು, ಕೈಕಾಲಿನ ಚರ್ಮದಲ್ಲಿ ಗಂಟುಗಳೆದ್ದವು. ಕೊನೆಗೆ ನೋವು ಕಡಿಮೆ ಮಾಡುವ ಆರೈಕೆಯೊಂದೇ ದಾರಿ ಎನ್ನುವಲ್ಲಿಗೆ ಬಂದು ನಿಂತಿತು.

ಕೇಳಿದ್ದು ಮದ್ದಲ್ಲ, ಹೊಂದಿಕೆ

2017ರ ಅಕ್ಟೋಬರ್‌ನಲ್ಲಿ ಲಂಡನ್ನಿನಿಂದ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಪ್ರಯೋಗಾಲಯಕ್ಕೆ ಕೋರಿಕೆ ಹೋಯಿತು. ಮೈಕೋಬ್ಯಾಕ್ಟೀರಿಯಾಗಳ ಫೇಜ್ ಅಲ್ಲಿಯಷ್ಟು ಬೇರೆಲ್ಲೂ ಕೂಡಿಟ್ಟಿರಲಿಲ್ಲ. 2008ರಿಂದ ನಡೆಯುತ್ತಿರುವ ಕಲಿಕಾ ಕಾರ್ಯಕ್ರಮವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮೂರಿನ ಮಣ್ಣು, ಗೊಬ್ಬರ, ಕೊಳೆತ ಎಲೆಗಳಿಂದ ಹೆಕ್ಕಿ ಹೆಸರಿಟ್ಟ 10,000ಕ್ಕೂ ಹೆಚ್ಚು ಫೇಜ್‌ಗಳು ಆ ಸಂಗ್ರಹದಲ್ಲಿದ್ದವು. ಲಂಡನ್ನಿನಿಂದ ಹೋದದ್ದು ಇಬ್ಬರು ರೋಗಿಗಳ ತಳಿಗಳು. ಒಂದಕ್ಕೆ ಜಿಡಿ01, ಇನ್ನೊಂದಕ್ಕೆ ಜಿಡಿ02 ಎಂದು ಗುರುತು ಹಾಕಿದರು. ಜಿಡಿ02ರ ರೋಗಿ ಫೇಜ್ ತಯಾರಾಗುವ ಮೊದಲೇ ತೀರಿಕೊಂಡರು. ಜಿಡಿ01 ಈ ಪ್ರಕರಣದ ರೋಗಿಯದು.

ಹೊಸಬರು ಎಡವುವ ಜಾಗವೊಂದು ಇಲ್ಲೇ ಇದೆ. ಸಂಗ್ರಹ ಎಷ್ಟೇ ದೊಡ್ಡದಿದ್ದರೂ ಅದರಲ್ಲಿನ ಹೆಚ್ಚಿನ ಫೇಜ್‌ಗಳು ಸಿಕ್ಕಿದ್ದು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಎಂಬ ಸಾಧು ತಳಿಯ ಮೇಲೆ. ವಿದ್ಯಾರ್ಥಿಗಳ ಕೈಗೆ ಕೊಡಲು ಅದು ಅಪಾಯವಿಲ್ಲದ್ದು, ಬೇಗ ಬೆಳೆಯುತ್ತದೆ, ಹೆಚ್ಚಾಗಿ ಒಂದೆರಡು ದಿನದಲ್ಲಿ ಫಲಿತಾಂಶ ಕಾಣುತ್ತದೆ. ಆದರೆ ಸ್ಮೆಗ್ಮಾಟಿಸ್‌ಗೆ ತಗಲುವ ಫೇಜ್ ಅಬ್ಸೆಸಸ್‌ಗೂ ತಗಲಬೇಕೆಂದಿಲ್ಲ. ಅಬ್ಸೆಸಸ್‌ನ ಒಂದು ತಳಿಗೆ ತಗಲಿದ್ದು ಇನ್ನೊಬ್ಬ ರೋಗಿಯ ತಳಿಗೆ ತಗಲಬೇಕೆಂದೂ ಇಲ್ಲ. ಆ್ಯಂಟಿಬಯಾಟಿಕ್‌ನಂತೆ ಹೆಸರು ನೋಡಿ ಕಪಾಟಿನಿಂದ ತೆಗೆದು ಕೊಡುವ ವಸ್ತು ಇದಲ್ಲ. ಒಬ್ಬೊಬ್ಬರ ತಳಿಗೂ ಹೊಸದಾಗಿ ಹೊಂದಿಸಬೇಕು.

ಚುಕ್ಕೆ ಕಂಡರೆ ಸಾಲದು

ಹೊಂದಿಕೆ ನೋಡುವ ಕ್ರಮ ಹಳೆಯದು, ಸರಳವಾದದ್ದು. ಫೇಜ್ ದ್ರಾವಣವನ್ನು ಹತ್ತು ಹತ್ತು ಪಟ್ಟು ತೆಳುಮಾಡುತ್ತ ಹೋಗುವುದು. ತೆಳುಮಾಡಲು ಬಳಸುವ ಬಫರ್‌ನಲ್ಲಿ 10 ಮಿಲಿಮೋಲಾರ್ ಟ್ರಿಸ್, 10 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್, 68.5 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತವೆ; ಪಿಎಚ್ 7.5. ಬ್ಯಾಕ್ಟೀರಿಯಾ ಬೆರೆಸಿದ ತೆಳು ಅಗರನ್ನು ಗಟ್ಟಿ ಅಗರ್ ಪ್ಲೇಟಿನ ಮೇಲೆ ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಒಂದೊಂದು ತೆಳುವಿನಿಂದ ಕೆಲವು ಮೈಕ್ರೋಲೀಟರ್ ಹನಿ ಇಡುವುದು. ಬ್ಯಾಕ್ಟೀರಿಯಾ ಬೆಳೆದ ಕಡೆ ಪ್ಲೇಟ್ ಮಂಜು ಕವಿದಂತೆ ಕಾಣುತ್ತದೆ. ಫೇಜ್ ಕೊಂದ ಕಡೆ ತಿಳಿಯಾದ ಕಿಂಡಿ ತೆರೆಯುತ್ತದೆ. ಆ ಒಂದೊಂದು ಕಿಂಡಿಗೆ ಪ್ಲಾಕ್ ಎಂದು ಹೆಸರು.

ಇದರಲ್ಲಿ ಮೈಕೋಬ್ಯಾಕ್ಟೀರಿಯಾಕ್ಕೇ ವಿಶೇಷವಾದ ಒಂದು ತೊಡಕಿದೆ. ಅವುಗಳ ಗೋಡೆ ಮೇಣದಂಥದು, ಟ್ಯೂಬಿನಲ್ಲಿ ಉಂಡೆ ಕಟ್ಟುತ್ತವೆ. ಉಂಡೆ ಆಗದಿರಲೆಂದು ಟ್ವೀನ್ 80 ಎಂಬ ಸಾಬೂನಿನಂಥ ಪದಾರ್ಥ ಹಾಕಿ ಬೆಳೆಸುವುದು ವಾಡಿಕೆ. ಅದೇ ಟ್ವೀನ್ ಫೇಜ್ ಅಂಟಿಕೊಳ್ಳುವುದನ್ನೂ ತಡೆಯುತ್ತದೆ. ಟ್ವೀನ್ ಇರುವ ಕಲ್ಚರನ್ನು ನೇರವಾಗಿ ಪ್ಲೇಟಿಗೆ ಬಳಸಿದರೆ ಒಳ್ಳೆಯ ಫೇಜೂ ‘ಕೆಲಸಕ್ಕೆ ಬಾರದ್ದು’ ಎಂದು ಪಟ್ಟಿಯಿಂದ ಹೊರಬೀಳುತ್ತದೆ. ಆದ್ದರಿಂದ ಕೊನೆಯ ಸುತ್ತಿನ ಬೆಳೆ ಟ್ವೀನ್ ಇಲ್ಲದೆ ಆಗಬೇಕು, 1 ಮಿಲಿಮೋಲಾರ್ ಕ್ಯಾಲ್ಸಿಯಂ ಇರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಆಸೆ ಹುಟ್ಟಿಸುತ್ತದೆ. ಮಿಲಿಲೀಟರಿಗೆ 1,000 ಕೋಟಿ ಫೇಜ್ ಇರುವ ದಪ್ಪ ದ್ರಾವಣದ ಹನಿ ಇಟ್ಟರೆ ಅಡಿಯಲ್ಲಿ ದುಂಡನೆಯ ತಿಳಿ ಚುಕ್ಕೆ ಬೀಳುವುದು ಸಾಮಾನ್ಯ. ಫೇಜ್ ಒಳಹೊಕ್ಕು ಮರಿ ಮಾಡಿದ್ದರಿಂದಲೇ ಅದು ಬಿದ್ದಿರಬೇಕೆಂದಿಲ್ಲ. ಒಂದೊಂದು ಕೋಶದ ಗೋಡೆಗೂ ನೂರಾರು ಫೇಜ್ ಒಮ್ಮೆಲೇ ತೂತು ಕೊರೆದರೂ ಕೋಶ ಸಾಯುತ್ತದೆ. ಹಾಗೆ ಸತ್ತಾಗ ಹೊಸ ಫೇಜ್ ಒಂದೂ ಹುಟ್ಟುವುದಿಲ್ಲ, ಅಂಥದ್ದು ದೇಹದೊಳಗೆ ಪ್ರಯೋಜನಕ್ಕೆ ಬಾರದು. ತೆಳುಮಾಡುತ್ತ ಹೋದ ಹಾಗೆ ಚುಕ್ಕೆ ಬಿಡಿಬಿಡಿ ಪ್ಲಾಕ್‌ಗಳಾಗಿ ಒಡೆಯಬೇಕು. ಆಗ ಮಾತ್ರ ಅದು ಸೋಂಕು.

ಬಿಡಿ ಪ್ಲಾಕ್ ಸಿಕ್ಕ ಮೇಲೆ ಲೆಕ್ಕ. 10⁻⁷ ತೆಳುವಿನ 0.1 ಮಿ.ಲೀ. ಹಾಕಿದ ಪ್ಲೇಟಿನಲ್ಲಿ 50 ಪ್ಲಾಕ್ ಇದ್ದರೆ ಮೂಲ ದ್ರಾವಣದಲ್ಲಿ ಮಿಲಿಲೀಟರಿಗೆ 5×10⁹. ಇದೇ ದ್ರಾವಣವನ್ನು ಸ್ಮೆಗ್ಮಾಟಿಸ್ ಮೇಲೂ ರೋಗಿಯ ತಳಿಯ ಮೇಲೂ ಹಾಕಿ ರೋಗಿಯ ತಳಿಯ ಸಂಖ್ಯೆಯನ್ನು ಸ್ಮೆಗ್ಮಾಟಿಸ್‌ನ ಸಂಖ್ಯೆಯಿಂದ ಭಾಗಿಸುತ್ತಾರೆ. ಉತ್ತರ 1ರ ಹತ್ತಿರ ಇದ್ದರೆ ಎರಡೂ ತಳಿಗೆ ಒಂದೇ ಸಮ ತಗಲುತ್ತದೆ ಎಂದರ್ಥ. 10⁻⁴ ಬಂದರೆ ಹತ್ತು ಸಾವಿರ ಫೇಜ್‌ಗಳಲ್ಲಿ ಒಂದಕ್ಕೆ ಮಾತ್ರ ದಾರಿ ಸಿಕ್ಕಿದೆ. ಆ ಒಂದನ್ನು ‘ಕಸ’ ಎಂದು ಬಿಡುವುದೋ ಎತ್ತಿಟ್ಟುಕೊಳ್ಳುವುದೋ ಎಂಬುದು ಮುಂದೆ ದೊಡ್ಡ ಪ್ರಶ್ನೆಯಾಯಿತು.

ಸಿಕ್ಕಿದ್ದು ಒಂದೂವರೆ

ಅಷ್ಟು ದೊಡ್ಡ ಸಂಗ್ರಹದಲ್ಲಿ ಜಿಡಿ01ನ್ನು ಸಲೀಸಾಗಿ ಕೊಂದದ್ದು ಮಡ್ಡಿ ಎಂಬ ಒಂದು ಫೇಜ್. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿಯೊಬ್ಬರು ಕೊಳೆತು ಮಣ್ಣಿಗಂಟಿದ್ದ ಬದನೆಕಾಯಿಯ ಅಡಿಭಾಗದಿಂದ ತೆಗೆದದ್ದು ಅದು. ಮನೆ ಹಿತ್ತಲಲ್ಲಿ ಅಂಥ ಬದನೆಕಾಯಿ ಕಂಡರೆ ನಾವು ಕಾಲಲ್ಲಿ ಸರಿಸಿ ಮುಂದೆ ಹೋಗುತ್ತೇವೆ. ಆ ಫೇಜ್‌ಗೆ ಮುಂದೊಂದು ದಿನ ಚಿಕಿತ್ಸೆಯ ಕೆಲಸ ಬೀಳಬಹುದೆಂದು ತೆಗೆದವರಿಗೂ ಗೊತ್ತಿರಲಿಕ್ಕಿಲ್ಲ. ಹೆಸರಿಟ್ಟು ಫ್ರೀಜರಿನಲ್ಲಿ ಇಟ್ಟದ್ದಷ್ಟೇ.

ಒಂದು ಸಿಕ್ಕಿತಲ್ಲ, ಕೊಟ್ಟುಬಿಡಬಹುದಿತ್ತು. ರೋಗಿಯ ಸ್ಥಿತಿ ನೋಡಿದರೆ ಒತ್ತಡವೂ ಅಂಥದ್ದೇ. ಆದರೂ ಕಾದರು, ಕಾರಣ ಗಣಿತದ್ದು. ಒಂದು ಫೇಜ್‌ಗೆ ಜಗ್ಗದ ಕೋಶ ಹತ್ತು ಲಕ್ಷಕ್ಕೆ ಒಂದಿದೆ ಎಂದಿಟ್ಟುಕೊಳ್ಳಿ. 10 ಕೋಟಿ ಬ್ಯಾಕ್ಟೀರಿಯಾಗಳಲ್ಲಿ 100 ಉಳಿಯುತ್ತವೆ, ಮತ್ತೆ ಬೆಳೆಯಲು ಅಷ್ಟು ಸಾಕು. ಬೇರೆ ಬೇರೆ ದಾರಿಯಿಂದ ಹೊಗುವ ಮೂರು ಫೇಜ್ ಒಟ್ಟಿಗೆ ಇದ್ದರೆ ಮೂರಕ್ಕೂ ಒಂದೇ ಕೋಶ ಜಗ್ಗದಿರುವ ಸಂಭವ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಎರಡನೆಯ, ಮೂರನೆಯ ಸ್ಥಾನಕ್ಕೆ ಕಣ್ಣಿಗೆ ಬಿದ್ದದ್ದು ಝೋಯಿಜೆ ಮತ್ತು ಬಿಪಿಎಸ್. ಎರಡಕ್ಕೂ ಒಂದೇ ದೋಷ: ಅವು ಟೆಂಪರೇಟ್ ಫೇಜ್‌ಗಳು. ಲೈಟಿಕ್ ಫೇಜ್ ಹೊಕ್ಕ ಕೋಶವನ್ನು ಒಡೆದೇ ಹೊರಬರುತ್ತದೆ. ಟೆಂಪರೇಟ್ ಫೇಜ್ ಕೆಲವು ಸಲ ಒಡೆಯುತ್ತದೆ, ಕೆಲವು ಸಲ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸಿ ಮಲಗಿಬಿಡುತ್ತದೆ. ಮಲಗಿಸುವುದು ರೆಪ್ರೆಸರ್ ಎಂಬ ಪ್ರೋಟೀನ್. ಅದು ಒಳಗಿನ ಫೇಜನ್ನು ಹದ್ದಿನಲ್ಲಿಡುವುದಲ್ಲದೆ ಹೊರಗಿನಿಂದ ಬರುವ ಅದೇ ಜಾತಿಯ ಫೇಜನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅಂದರೆ ಮದ್ದೇ ರೋಗಾಣುವಿಗೆ ಲಸಿಕೆ ಹಾಕಿದಂತಾಯಿತು. ಪ್ಲೇಟಿನಲ್ಲಿ ಇದು ಬರಿಗಣ್ಣಿಗೇ ಗೊತ್ತಾಗುತ್ತದೆ. ಲೈಟಿಕ್‌ನ ಪ್ಲಾಕ್ ಒರೆಸಿದ ಗಾಜಿನಂತೆ ತಿಳಿ. ಟೆಂಪರೇಟ್‌ನದು ನಡುವೆ ಮಸುಕು, ಬದುಕುಳಿದ ಕೋಶಗಳು ಮತ್ತೆ ಬೆಳೆದ ಗುರುತು.

ಮಲಗುವ ಗುಣ ಕಿತ್ತದ್ದು

ಮಸುಕು ಪ್ಲಾಕ್ ಕೊಡುವುದನ್ನು ಬದಿಗಿಟ್ಟು ಹೊಸ ಮಣ್ಣು ಹುಡುಕುವುದು ಒಂದು ದಾರಿ. ಇವರು ಇನ್ನೊಂದು ದಾರಿ ಹಿಡಿದರು: ಇರುವುದನ್ನೇ ತಿದ್ದುವುದು. ಪ್ರಕರಣದ ನಿಜವಾದ ತಿರುವು ಇದು ಎನ್ನಬಹುದು.

ತಿದ್ದಲು ಅದೇ ಪ್ರಯೋಗಾಲಯ 2008ರಲ್ಲಿ ಪ್ರಕಟಿಸಿದ್ದ ‘ಬ್ರೆಡ್’ ಎಂಬ ವಿಧಾನ ಕೈಯಲ್ಲಿತ್ತು. ಸ್ಮೆಗ್ಮಾಟಿಸ್ ಕೋಶಗಳಲ್ಲಿ ಡಿಎನ್‌ಎ ತುಂಡುಗಳನ್ನು ಅದಲುಬದಲು ಮಾಡುವ ಎರಡು ಪ್ರೋಟೀನುಗಳ ಪ್ಲಾಸ್ಮಿಡ್ (ಡಿಎನ್‌ಎಯ ಪುಟ್ಟ ಉಂಗುರ) ಇರಿಸಿ, ಅಸಿಟಮೈಡ್ ಹಾಕಿ ಅವುಗಳನ್ನು ಎಬ್ಬಿಸುತ್ತಾರೆ. ಆ ಕೋಶಗಳಿಗೆ ವಿದ್ಯುತ್ ಆಘಾತ ಕೊಟ್ಟು ಫೇಜ್‌ನ ಇಡೀ ಡಿಎನ್‌ಎಯನ್ನೂ ಜೊತೆಗೆ ಸುಮಾರು 200 ಅಕ್ಷರ ಉದ್ದದ ಒಂದು ತುಂಡನ್ನೂ ಒಳಗೆ ತಳ್ಳುತ್ತಾರೆ. ತುಂಡಿನ ಎಡಕ್ಕೆ 100 ಅಕ್ಷರ, ಬಲಕ್ಕೆ 100 ಅಕ್ಷರ. ನಡುವೆ ಇರಬೇಕಿದ್ದ ರೆಪ್ರೆಸರ್ ಜೀನ್ ಇಲ್ಲ. ಕೋಶ ಆ ತುಂಡನ್ನು ನೋಡಿಕೊಂಡು ಫೇಜ್ ಡಿಎನ್‌ಎಯನ್ನು ಹೊಲಿದಾಗ ಆ ಜೀನ್ ಬಿಟ್ಟುಹೋಗುತ್ತದೆ.

ಮೊದಲ ಸುತ್ತಿನಲ್ಲಿ ಬರುವ ಪ್ಲಾಕ್‌ಗಳಲ್ಲಿ ಸುಮಾರು ಹತ್ತರಲ್ಲೊಂದರಲ್ಲಿ ತಿದ್ದಿದ ಫೇಜ್ ಇರುತ್ತದೆ, ಅದೂ ತಿದ್ದದ್ದರ ಜೊತೆ ಬೆರೆತು. ಡಿಎನ್‌ಎಯ ಬೇಕಾದ ಭಾಗವನ್ನು ಹೆಚ್ಚಿಸಿ ನೋಡುವ ಪಿಸಿಆರ್ ಪರೀಕ್ಷೆ ಮಾಡಿದರೆ ಎರಡು ಗೆರೆ ಕಾಣುತ್ತವೆ, ಉದ್ದದ್ದೊಂದು, ಗಿಡ್ಡದ್ದೊಂದು. ಗಿಡ್ಡ ಗೆರೆ ಕಂಡ ಸಂತೋಷಕ್ಕೆ ಅಲ್ಲೇ ನಿಂತರೆ ಕೆಲಸ ಕೆಟ್ಟಿತು. ಆ ಪ್ಲಾಕನ್ನು ಮತ್ತೆ ತೆಳುಮಾಡಿ ಹರಡಿ, ಗಿಡ್ಡ ಗೆರೆಯೊಂದೇ ಇರುವ ಪ್ಲಾಕ್ ಸಿಗುವ ತನಕ ಮುಂದುವರಿಯಬೇಕು. ಝೋಯಿಜೆಯಲ್ಲಿ ಕಿತ್ತದ್ದು 45ನೇ ಜೀನ್. ಬಿಪಿಎಸ್‌ನಲ್ಲಿ 33ನೇ ಜೀನಿನೊಳಗೆ ಡಿಎನ್‌ಎ ಹಿಡಿಯುವ ಭಾಗ. ಎರಡರಲ್ಲೂ ಹೊರಗಿನ ಜೀನ್ ಯಾವುದನ್ನೂ ಸೇರಿಸಲಿಲ್ಲ, ತೆಗೆದದ್ದು ಮಾತ್ರ.

ಬಿಪಿಎಸ್‌ಗೆ ಅಷ್ಟರಲ್ಲಿ ಮುಗಿಯಲಿಲ್ಲ. ಮಲಗುವ ಗುಣ ಹೋದರೂ ಅದಕ್ಕೆ ಜಿಡಿ01ರೊಳಗೆ ಸಲೀಸಾಗಿ ಪ್ರವೇಶ ಇರಲಿಲ್ಲ. ಹಿಂದೆ ಹೇಳಿದ ಆ ಅಪರೂಪದ ಪ್ಲಾಕ್‌ಗಳು ಉಪಯೋಗಕ್ಕೆ ಬಂದದ್ದು ಇಲ್ಲೇ. ಜಿಡಿ01 ಪ್ಲೇಟಿನಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದ ಕಿಂಡಿಗಳನ್ನು ಚುಚ್ಚಿ ತೆಗೆದು ಬೆಳೆಸಿದರು. ತಾನಾಗಿಯೇ ಬದಲಾಗಿ ಹೊಸ ಆತಿಥೇಯಕ್ಕೆ ಒಗ್ಗಿದ ಫೇಜ್‌ಗಳು ಅವು. ಅವುಗಳಲ್ಲಿ ಆಯ್ದ ಒಂದು, ಗುರುತು ಎಚ್‌ಆರ್‌ಎಂ10, ಚಿಕಿತ್ಸೆಯ ಮೂರನೆಯ ಫೇಜ್ ಆಯಿತು.

ರೋಗಿಯ ರಕ್ತನಾಳಕ್ಕೆ ಹೋಗಬೇಕಾದ್ದರಿಂದ ಶುದ್ಧೀಕರಣ ಇನ್ನೊಂದು ಕೆಲಸ. ಒಡೆದ ಬ್ಯಾಕ್ಟೀರಿಯಾದ ಚೂರುಪಾರು ಹೋಗಲು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿವೇಗದಲ್ಲಿ ತಿರುಗಿಸುತ್ತಾರೆ. ಫೇಜ್ ಕೊಳವೆಯ ನಡುವೆ ನೀಲಿ ಛಾಯೆಯ ತೆಳು ಪಟ್ಟೆಯಾಗಿ ನಿಲ್ಲುತ್ತದೆ. ಅದನ್ನು ಸೂಜಿಯಿಂದ ಎಳೆದು, ಸೀಸಿಯಂ ಹೋಗುವಂತೆ ಡಯಾಲಿಸಿಸ್ ಮಾಡಿ, 0.22 ಮೈಕ್ರಾನ್ ಫಿಲ್ಟರ್ ದಾಟಿಸುತ್ತಾರೆ. ಈ. ಕೊಲೈ ಅಥವಾ ಸ್ಯೂಡೊಮೊನಾಸ್ ಮೇಲೆ ಬೆಳೆಸಿದ ಫೇಜ್‌ಗಳಲ್ಲಿ ತಲೆನೋವಾಗುವ ಎಂಡೋಟಾಕ್ಸಿನ್ (ಅಂಥ ಬ್ಯಾಕ್ಟೀರಿಯಾದ ಗೋಡೆಯ ವಿಷ) ಇಲ್ಲಿ ಅಷ್ಟು ಕಾಡಲಿಲ್ಲ. ಸ್ಮೆಗ್ಮಾಟಿಸ್‌ನ ಗೋಡೆಯಲ್ಲಿ ಅದು ಇರುವುದೇ ಇಲ್ಲ. ಆದರೂ ಪರೀಕ್ಷೆ ಬಿಡುವಂತಿಲ್ಲ, ಪಾತ್ರೆ-ಪೈಪೆಟ್‌ಗಳಿಂದಲೂ ಸೇರಬಹುದು.

ಚಿಕಿತ್ಸೆ

ಕೋರಿಕೆ ಹೋಗಿ ಎಂಟು ತಿಂಗಳಾದ ಮೇಲೆ, 2018ರ ಜೂನ್‌ನಲ್ಲಿ ಮೊದಲ ಡೋಸ್. ನೇರವಾಗಿ ರಕ್ತಕ್ಕೆ ಕೊಡಲಿಲ್ಲ. ಎದೆಯ ತೆರೆದ ಗಾಯಕ್ಕೆ ಹಚ್ಚಿ ಒಂದು ದಿನ ಕಾದರು. ತೊಂದರೆ ಏನೂ ಕಾಣದ್ದರಿಂದ ಮರುದಿನ ರಕ್ತನಾಳಕ್ಕೆ ಶುರುಮಾಡಿದರು: ಮೂರು ಫೇಜ್‌ಗಳಲ್ಲಿ ಒಂದೊಂದೂ 100 ಕೋಟಿ, ಪ್ರತಿ 12 ಗಂಟೆಗೆ ಒಮ್ಮೆ. ದಿನಕ್ಕೆ ಎರಡು ಸಲ ಏಕೆಂದರೆ ರಕ್ತಕ್ಕೆ ಹೋದ ಫೇಜನ್ನು ಯಕೃತ್ತು ಮತ್ತು ಗುಲ್ಮ ಬೇಗ ಸೋಸಿ ತೆಗೆದುಬಿಡುತ್ತವೆ. ಮೊದಲ ಎರಡು ದಿನ ಬೆವರು, ಮುಖ ಕೆಂಪೇರಿಕೆ ಇತ್ತು; ಜ್ವರ ಬರಲಿಲ್ಲ. ಆ್ಯಂಟಿಬಯಾಟಿಕ್‌ಗಳನ್ನು ನಿಲ್ಲಿಸಲಿಲ್ಲ.

9 ದಿನಕ್ಕೆ ರೋಗಿ ಮನೆಗೆ ಹೋದರು. ಚುಚ್ಚುಮದ್ದು ಮನೆಯಲ್ಲೇ ಅದೇ ಲೆಕ್ಕದಲ್ಲಿ ಮುಂದುವರಿಯಿತು, ಕನಿಷ್ಠ 32 ವಾರ. 6 ವಾರಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಯಕೃತ್ತಿನ ಸೋಂಕು ಬಹುಪಾಲು ಮಾಯವಾಗಿತ್ತು. ಎದೆಯ ಗಾಯ ಕೂಡಿಕೊಂಡಿತು. ಚರ್ಮದ ಗಂಟುಗಳು ಮಾತ್ರ ಮೊಂಡು, ಒಂದೊಂದಾಗಿ ತಿಂಗಳುಗಟ್ಟಲೆ ಹಿಡಿದು ಕರಗಿದವು. ಚಿಕಿತ್ಸೆಯ ನಡುವೆ ಮತ್ತೆ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾ ಮೂರೂ ಫೇಜ್‌ಗಳಿಗೆ ಮೊದಲಿನಂತೆಯೇ ಸಾಯುತ್ತಿತ್ತು. ಫೇಜ್ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯ ದುರ್ಬಲವಾಗಿತ್ತು, ಫೇಜನ್ನು ನಿಷ್ಕ್ರಿಯ ಮಾಡುವಷ್ಟಿರಲಿಲ್ಲ.

ಎಷ್ಟರ ಮಟ್ಟಿಗೆ ನಂಬಬೇಕು

ಒಬ್ಬರೇ ರೋಗಿ, ಹೋಲಿಸಲು ಇನ್ನೊಬ್ಬರಿಲ್ಲ, ಜೊತೆಯಲ್ಲಿ ಬೇರೆ ಮದ್ದುಗಳೂ ಇದ್ದವು. ಗುಣವಾದದ್ದು ಫೇಜ್‌ನಿಂದಲೇ ಎಂದು ಸಾಧಿಸಲು ಈ ಪ್ರಕರಣವೊಂದೇ ಸಾಲದು. ವರದಿ ಬರೆದವರೂ ಹಾಗೆ ಹೇಳಿಕೊಳ್ಳಲಿಲ್ಲ. ವರ್ಷಗಟ್ಟಲೆ ಇಳಿಯದ ಸೋಂಕು ವಾರಗಳಲ್ಲಿ ಇಳಿದದ್ದು ಬಲವಾದ ಸೂಚನೆ ಎನ್ನುವುದಕ್ಕೆ ಅಡ್ಡಿಯಿಲ್ಲ.

ಆಮೇಲೆ ಗೊತ್ತಾದ ಎರಡು ಸಂಗತಿಗಳು ಇದೇ ಪ್ರಕರಣವನ್ನು ಬೇರೆ ಬೆಳಕಿನಲ್ಲಿ ತೋರಿಸುತ್ತವೆ.

ಮೊದಲನೆಯದು ಪ್ರತಿಕಾಯದ್ದು. ಇದೇ ಮೂರು ಫೇಜ್‌ಗಳ ಮಿಶ್ರಣವನ್ನು 81 ವರ್ಷದ ಇನ್ನೊಬ್ಬ ರೋಗಿಗೆ ಕೊಟ್ಟ ವರದಿ 2021ರಲ್ಲಿ ಬಂತು. ಅವರದು ಶ್ವಾಸಕೋಶದ ಅಬ್ಸೆಸಸ್ ಸೋಂಕು, ಆದರೆ ಕಸಿ ಆದವರಲ್ಲ, ರೋಗನಿರೋಧಕ ಶಕ್ತಿ ಪೂರ್ತಿ ಇದ್ದವರು. ಮೊದಲ ತಿಂಗಳಲ್ಲಿ ಕಫದ ಬ್ಯಾಕ್ಟೀರಿಯಾ ಇಳಿಯಿತು. ಎರಡನೆಯ ತಿಂಗಳ ಹೊತ್ತಿಗೆ ದೇಹ ಮೂರೂ ಫೇಜ್‌ಗಳನ್ನು ಗುರುತಿಸಿ ಪ್ರತಿಕಾಯ ಹುಟ್ಟಿಸಿತು, ಬ್ಯಾಕ್ಟೀರಿಯಾ ಮತ್ತೆ ಏರಿತು. ಹದಿಹರೆಯದ ರೋಗಿಯನ್ನು ಸಾವಿನಂಚಿಗೆ ತಂದಿದ್ದ ಆ ರೋಗನಿರೋಧಕ ದಮನವೇ ಫೇಜ್‌ಗೆ ಅಷ್ಟು ತಿಂಗಳು ಓಡಾಡಲು ದಾರಿ ಬಿಟ್ಟಿತ್ತು ಎಂದು ಹಿಂದಿರುಗಿ ನೋಡಿದಾಗ ಅನಿಸುತ್ತದೆ.

ಎರಡನೆಯದು ಮೂರು ಫೇಜ್‌ಗಳ ಲೆಕ್ಕದ್ದು. ಮಡ್ಡಿ ಮತ್ತು ಬಿಪಿಎಸ್ ಎರಡೂ ಬ್ಯಾಕ್ಟೀರಿಯಾದ ಗೋಡೆಯ ಮೇಲಿನ ಟಿಪಿಪಿ ಎಂಬ ಒಂದೇ ಕೊಬ್ಬಿನ ಮೇಲೆ ಅವಲಂಬಿಸಿವೆ ಎಂದು 2023ರಲ್ಲಿ ತಿಳಿಯಿತು. ಆ ಕೊಬ್ಬು ಕಳೆದುಕೊಂಡ ಕೋಶ ಒಂದೇ ಏಟಿಗೆ ಎರಡರಿಂದಲೂ ಪಾರು. ‘ಬೇರೆ ಬೇರೆ ದಾರಿಯ ಮೂರು ಫೇಜ್’ ಎಂದುಕೊಂಡದ್ದು ನಿಜಕ್ಕೂ ಎರಡೇ ದಾರಿ ಆಗಿದ್ದಿರಬಹುದು. ಈ ರೋಗಿಯಲ್ಲಿ ಅದರಿಂದ ಕೆಡುಕಾಗಲಿಲ್ಲ. ಮಿಶ್ರಣ ಮಾಡುವವರು ಫೇಜ್‌ಗಳ ಸಂಖ್ಯೆಗಿಂತ ಅವು ಹಿಡಿಯುವ ಕೊಂಡಿ ಯಾವುದೆಂದು ನೋಡಬೇಕೆನ್ನಲು ಇಷ್ಟು ಸಾಕು.

ಜಿಡಿ01ರ ಕಾಲೊನಿಗಳು ಒರಟು ಮೇಲ್ಮೈಯವು. ಅಬ್ಸೆಸಸ್‌ನಲ್ಲಿ ನುಣುಪು ಕಾಲೊನಿಯ ತಳಿಗಳೂ ಇವೆ. ಆಮೇಲೆ ಹತ್ತಾರು ರೋಗಿಗಳ ತಳಿಗಳನ್ನು ಪರೀಕ್ಷಿಸಿದಾಗ ಒರಟು ತಳಿಗಳಲ್ಲಿ ಬಹುಪಾಲಿಗೆ ಒಂದಾದರೂ ಫೇಜ್ ಹೊಂದಿತು, ನುಣುಪು ತಳಿ ಒಂದನ್ನೂ ಸರಿಯಾಗಿ ಕೊಲ್ಲುವ ಫೇಜ್ ಸಿಗಲಿಲ್ಲ. ಕೋರಿಕೆ ಬಂದ ದಿನವೇ ಪ್ಲೇಟನ್ನು ಬೆಳಕಿಗೆ ಹಿಡಿದು ಕಾಲೊನಿ ಒರಟೋ ನುಣುಪೋ ಎಂದು ನೋಡಿದರೆ ಎಂಟು ತಿಂಗಳ ಹುಡುಕಾಟದಲ್ಲಿ ಎಷ್ಟು ಆಸೆ ಇಟ್ಟುಕೊಳ್ಳಬಹುದೆಂದು ಸುಮಾರಾಗಿ ಹೇಳಬಹುದು.

ಹೀಗೆ ಫೇಜ್ ಪಡೆದ 20 ಜನರ ಲೆಕ್ಕ 2022ರಲ್ಲಿ ಪ್ರಕಟವಾಯಿತು. 11 ಜನರಲ್ಲಿ ಅನುಕೂಲ ಕಂಡಿತು. 11 ಜನರಿಗೆ ಒಂದೇ ಫೇಜ್ ಕೊಟ್ಟಿದ್ದರು, ಅವರಲ್ಲಿ ಯಾರಲ್ಲೂ ಬ್ಯಾಕ್ಟೀರಿಯಾ ಫೇಜ್‌ಗೆ ಪ್ರತಿರೋಧ ಬೆಳೆಸಿಕೊಳ್ಳಲಿಲ್ಲ. ರಕ್ತನಾಳದ ಮೂಲಕ ಪಡೆದವರಲ್ಲಿ 8 ಜನರಿಗೆ ಫೇಜನ್ನು ಕೆಡಿಸುವ ಪ್ರತಿಕಾಯ ಹುಟ್ಟಿತು, ಅವರಲ್ಲಿ 4 ಜನರಿಗೆ ಚಿಕಿತ್ಸೆ ಹತ್ತದಿರಲು ಅದೇ ಕಾರಣ ಇರಬಹುದೆಂದು ಅಂದಾಜು. ಮೊದಲ ಪ್ರಕರಣದಲ್ಲಿ ಎಲ್ಲರ ಹೆದರಿಕೆ ಪ್ರತಿರೋಧದ ಬಗ್ಗೆ ಇತ್ತು, ಎರಡು ಹೆಚ್ಚುವರಿ ಫೇಜ್‌ಗಳನ್ನು ತಿದ್ದಲು ತಿಂಗಳುಗಳು ಹೋದದ್ದೂ ಅದಕ್ಕಾಗಿಯೇ. ಈಗ ತಳಿಯ ಪ್ಲೇಟಿನ ಜೊತೆಗೆ ರೋಗಿಯ ಸೀರಂ (ಪ್ರತಿಕಾಯಗಳಿರುವ ರಕ್ತದ ತಿಳಿ ಭಾಗ) ಮಾದರಿಯನ್ನೂ ತರಿಸಿಕೊಂಡು, ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಆಗಾಗ, ಅದು ಎಷ್ಟು ಫೇಜನ್ನು ಕೆಡಿಸುತ್ತದೆಂದು ಪ್ಲಾಕ್ ಎಣಿಸಿ ನೋಡುತ್ತಾರೆ.